ಹಗ್ಗದ ಮನೆಯ ಪಾಳಿ

ಚಿಮ್ಮಡದ ಅನಸವ್ವ ತೀರಿಕೊಂಡ ಸುದ್ದಿ ತಂದವರು, ಪಾಪ, ಗೋವಿನಂಥ ಹೆಣ್ಣುಮಗಳು ಎಂದು ಬೇರೆ ಸೇರಿಸಿದರು. ನನಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಸುಳ್ಳು ಆಡಬೇಕೆಂದು ಎಲ್ಲಿ ಬರೆದಿದೆ? ಆಕೆಯ ಎದುರುಮನೆಯಲ್ಲಿ ಮೂರು ವರ್ಷ ಇದ್ದವಳು ನಾನು. ತಕ್ಕಡಿಯಲ್ಲಿ ನಾಲ್ಕು ಮೆಣಸಿನಕಾಯಿ ಕಡಿಮೆ ಬಿದ್ದರೆ ಅವು ಬೀಳುವವರೆಗೆ ಸಂತೆಯಿಂದ ಕದಲದ ಹೆಂಗಸು ಅದು. ಗೋವಂತೆ! ಆಕೆ ಕೇಳಿಸಿಕೊಂಡಿದ್ದರೆ ಹೇಳಿದವರಿಗೆ ಅಂದು ಊಟ ಸೇರುತ್ತಿರಲಿಲ್ಲ. ಅದಕ್ಕೇ ನನಗೆ ಗೊತ್ತಿರುವ ಅನಸವ್ವನನ್ನು ಬರೆದಿಡುತ್ತಿದ್ದೇನೆ.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕು ವರ್ಷವಾಗಿತ್ತು. ಚಿಮ್ಮಡದ ಹೆಣ್ಣುಮಕ್ಕಳ ಸಾಲೆಗೆ ನನ್ನನ್ನು ಶಿಕ್ಷಕಿಯಾಗಿ ಹಾಕಿದರು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡಿಕೊಂಡು ಬೆಳೆದ ಜಮಖಂಡಿಯ ಹುಡುಗಿ ನಾನು. ಕುಮುದಿನಿ ಎಂಬ ಹೆಸರು ಊರಿನವರ ನಾಲಿಗೆಗೆ ಒಗ್ಗಲಿಲ್ಲ, ಎಲ್ಲರಿಗೂ ಅಕ್ಕೋರ ಆದೆ. ನನ್ನ ಕೋಣೆಯ ಎದುರಿಗೇ ನೇಕಾರರ ಮನೆ, ಕಾಶಪ್ಪನದು. ಕಾಶಪ್ಪ ಅನಸವ್ವನ ಗಂಡ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಊರು ಸುಟ್ಟರೂ ಹನುಮಪ್ಪ ಹೊರಗೆ. ಮೂರು ವರ್ಷದಲ್ಲಿ ಅವನು ನನ್ನೊಂದಿಗೆ ಆಡಿದ ಮಾತು ಒಂದು ಪಾಟಿಯ ಮೇಲೆ ಹಿಡಿದೀತು.

ಆ ವರ್ಷ ನೂಲು ಸಿಗುವುದು ಕಡಿಮೆಯಾಯಿತು. ಬನಹಟ್ಟಿಯ ವ್ಯಾಪಾರಿ ಮೊದಲು ಅರ್ಧ ಕೊಟ್ಟ, ಆಮೇಲೆ ಮುಂದಿನ ವಾರ ಬಾ ಎಂದ, ಕೊನೆಗೆ ಅದನ್ನೂ ಹೇಳಲಿಲ್ಲ. ಕಾಶಪ್ಪ ಮಾತ್ರ ಖಾಲಿ ಮಗ್ಗದ ಮುಂದೆ ಎಂದಿನಂತೆ ಕೂತೇ ಇದ್ದ. ಅನಸವ್ವ ಎರಡು ವಾರ ನೋಡಿದಳು. ಮೂರನೆಯ ವಾರ ಸೆರಗು ಸಿಕ್ಕಿಸಿ ಹೊಲಕ್ಕೆ ಹೋದಳು. ಅವರಿಗೆ ಊರ ಪಕ್ಕದಲ್ಲೇ ಒಂದು ತುಂಡು ಹೊಲವಿತ್ತು. ಮಳೆ ಬಂದರೆ ಜೋಳ, ಬಾರದಿದ್ದರೆ ಹುಲ್ಲು, ಅಷ್ಟೇ ಅದರ ಯೋಗ್ಯತೆ ಎಂದು ಎಲ್ಲರೂ ತಿಳಿದಿದ್ದರು. ಆಕೆ ಅದರಲ್ಲಿ ಮೂವತ್ತಾರು ಮಡಿ ಕಟ್ಟಿದಳು, ಉಳ್ಳಾಗಡ್ಡಿಯ ಬೀಜ ಚೆಲ್ಲಿ ಸಸಿ ಎಬ್ಬಿಸಿದಳು. ಸಸಿಗೆ ಕೊಡದಿಂದ ನೀರು ಹೊತ್ತಳು. ನಾಟಿ ಮಾಡಿದ ಮೇಲೆ ಕೊಡದ ನೀರು ಎಲ್ಲಿಗೂ ಸಾಲದು. ಆಗಲೇ ಆಕೆ ಬಾವಿಯಲ್ಲಿ ತನ್ನ ಪಾಳಿ ಕೇಳಿದ್ದು.

ಬಾವಿಯ ಸಂಗತಿ ಹೇಳಬೇಕು. ಹಿಂದೆ ಯಾವಾಗಲೋ ನಾಲ್ಕು ಮನೆಯವರು ಕೂಡಿ ತೋಡಿದ ದೊಡ್ಡ ಬಾವಿ ಅದು. ನಾಲ್ಕು ದಿನಕ್ಕೊಮ್ಮೆ ಒಬ್ಬೊಬ್ಬರಿಗೆ ನೀರಿನ ಪಾಳಿ. ಬೇರೆ ಕಡೆ ಕಪಿಲೆ ಎನ್ನುವ ತೊಗಲಿನ ಚೀಲಕ್ಕೆ ಇಲ್ಲಿ ಮಟ್ಟಿ ಎನ್ನುತ್ತಾರೆ. ಗಾಲಿಯ ಮೇಲಿಂದ ಹಾದ ಹಗ್ಗವನ್ನು ನೊಗಕ್ಕೆ ಕಟ್ಟಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಗೆ ಹೊಡೆದರೆ ಮಟ್ಟಿ ತುಂಬಿ ಮೇಲೆ ಬಂದು ಕಾಲುವೆಗೆ ನೀರು ಸುರಿಯುತ್ತದೆ. ಬಾವಿಯ ಖರ್ಚನ್ನು ನಾಲ್ಕು ಮನೆಗೆ ಹಂಚಿದ್ದರು. ತೊಗಲು ಕಾಮಣ್ಣನ ಮನೆಯದು, ಗಾಲಿ ಮತ್ತು ಮರ ಹೊಳೆಪ್ಪನ ಮನೆಯದು, ಹೂಳು ತೆಗೆಸುವುದು ಮುರಗೆಪ್ಪನದು. ಹಗ್ಗ ನೇಕಾರರ ಮನೆಯದು.

ಆ ಹಗ್ಗ ಹೊಸೆಯುತ್ತಿದ್ದವಳು ಅನಸವ್ವ. ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಉಗಾದಿಗೆ ಪುಂಡಿನಾರಿಗೆ ಮಗ್ಗದಲ್ಲಿ ಉಳಿದ ನೂಲು ಸೇರಿಸಿ ಹೊಸೆದು ಬಾವಿಗೆ ಒಪ್ಪಿಸುವಳು. ಹತ್ತೊಂಬತ್ತು ಹಗ್ಗ ಹಾಗೆ ಹೋದವು. ಅಷ್ಟು ವರ್ಷದಲ್ಲಿ ಆ ಮನೆಗೆ ಒಂದು ಮಟ್ಟಿ ನೀರೂ ಬಂದಿರಲಿಲ್ಲ. ಪಾಳಿ ಬದಲಾಗುವಾಗ ಒಂದು ಪದ್ಧತಿ ಇತ್ತು: ಬೆಳಗಿನ ಬಿಸಿಲು ಬಾವಿಯ ಮೂರನೆಯ ಮೆಟ್ಟಿಲಿಗೆ ಬಿದ್ದೊಡನೆ, ಪಾಳಿ ಮುಗಿಸಿದವನು ಮುಂದಿನವನ ಹೆಸರು ಹಿಡಿದು ಕೂಗಬೇಕು. ಕೂಗಿದ ಮೇಲೇ ಅವನು ಎತ್ತು ಹೂಡಬೇಕು. ನೇಕಾರರಿಗಿಂತ ಮುಂಚಿನ ಪಾಳಿ ಮುರಗೆಪ್ಪನದು. ನೇಕಾರರಿಗೆ ಎತ್ತಿಲ್ಲವೆಂದು ಅವನ ಅಪ್ಪನೇ ಕೂಗುವುದನ್ನು ಬಿಟ್ಟಿದ್ದ. ಹೀಗೆ ಮುರಗೆಪ್ಪನಿಗೆ ಒಂದು ದಿನದ ಬದಲು ಎರಡು ದಿನದ ನೀರು. ಅವನ ಕಬ್ಬು ಊರಿಗೇ ಎತ್ತರವಾಗಿದ್ದರಲ್ಲಿ ಏನೂ ಆಶ್ಚರ್ಯವಿರಲಿಲ್ಲ.

ಪಾಳಿ ಕೇಳಲು ಅನಸವ್ವ ಬಾವಿಗೆ ಹೋದಾಗ ಮೂವರೂ ಅಲ್ಲೇ ಇದ್ದರು. ಮುರಗೆಪ್ಪ ಕೆಟ್ಟ ಮನುಷ್ಯನೇನಲ್ಲ. ಸಾಲೆಗೆ ತಟ್ಟಿ ಕಟ್ಟಿಸಿಕೊಟ್ಟವನು ಅವನೇ. ಆದರೆ ಪುಕ್ಕಟೆ ಸಿಕ್ಕಿದ್ದು ಇಪ್ಪತ್ತು ವರ್ಷ ಉಂಡರೆ ಯಾರಿಗಾದರೂ ಅದು ಸ್ವಂತದ್ದೇ ಅನಿಸುತ್ತದೆ.

"ಎತ್ತಿಲ್ಲದ ಮನಿಗೆ ಪಾಳಿ ಎಲ್ಲಿಂದ ಬರಬೇಕಬೇ?" ಎಂದ. "ನೇಕಾರ ಮಂದಿ ನೀವು. ಮಗ್ಗಕ್ಕ ನೀರು ಹಾಯಿಸ್ತೀರೇನು?"

"ಹತ್ತೊಂಬತ್ತು ಉಗಾದಿ ಹಗ್ಗ ತಗೊಂಡೀರಿ," ಎಂದಳು ಅನಸವ್ವ. "ಆವಾಗ ನೇಕಾರ ಮಂದಿ ಅನ್ನೂದು ನೆನಪಾಗಲಿಲ್ಲೇನು?"

ಮುರಗೆಪ್ಪ ಮುಖ ತಿರುಗಿಸಿದ. ಬಾವಿಯ ಹಿರಿಯ ಹೊಳೆಪ್ಪ, ಎಪ್ಪತ್ತು ದಾಟಿದವನು, ಮಾತು ಮುರಿಯದಂತೆ ಒಂದು ದಾರಿ ಹೇಳಿದ. ಎತ್ತು ತರಲಿ, ಒಂದು ಪಾಳಿ ಹೊಡೆದು ತೋರಿಸಲಿ. ಮುರಗೆಪ್ಪ ಅದಕ್ಕೊಂದು ಗಂಟು ಹಾಕಿದ: ಹೊತ್ತು ಮುಳುಗುವುದರೊಳಗೆ ಮೂವತ್ತಾರು ಮಡಿಯೂ ತೊಯ್ಯಬೇಕು. ಒಂದು ಮಡಿ ಒಣ ಉಳಿದರೂ ಆ ಮನೆಯ ಪಾಳಿ ಶಾಶ್ವತವಾಗಿ ಹೋಯಿತು. ಅನಸವ್ವ ಒಂದು ಕ್ಷಣವೂ ಯೋಚಿಸದೆ ಆಗಲಿ ಎಂದುಬಿಟ್ಟಳು.

ನನಗೆ ತಡೆಯಲಾಗಲಿಲ್ಲ. ಜಮಖಂಡಿಯ ಮಾಮಲೇದಾರ ಕಚೇರಿಗೆ ಅರ್ಜಿ ಬರೆದುಕೊಡುತ್ತೇನೆ, ಈ ಪಂದ್ಯದ ಹುಚ್ಚು ಬೇಡ ಎಂದೆ. ಆಕೆ ನಕ್ಕಳು.

"ಅಕ್ಕೋರ, ನಿಮ್ಮ ಅರ್ಜಿ ಹೋಗಿ ಬರೂದ್ರಾಗ ನನ್ನ ಸಸಿ ಗೊಬ್ಬರ ಆಗಿರತಾವರಿ."

ಸಾವಳಗಿಯಲ್ಲಿ ಆಕೆಯ ಅಣ್ಣ ದಶರಥ ಒಕ್ಕಲುತನ ಮಾಡಿಕೊಂಡಿದ್ದ. ಆ ಸುಗ್ಗಿಯವರೆಗೆ ಒಂದು ಜೋಡಿ ಎತ್ತು ಕೊಡು ಎಂದು ಹೋಗಿ ಹೊಡೆದುಕೊಂಡು ಬಂದಳು. ಹಲ್ಲು ನೋಡಿದ್ದಳು, ಗೊರಸು ನೋಡಿದ್ದಳು, ಹಿಣಿಲು ತಟ್ಟಿ ನೋಡಿದ್ದಳು. ಊರೊಳಗೆ ಹೊಕ್ಕಾಗ ಕಾಮಣ್ಣನೇ ಎದ್ದು ನಿಂತು ಜೋಡಿ ಭಾಳ ಛಲೋ ಅದಾವ ಎಂದ. ಅವನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಅನಸವ್ವನ ಪಂದ್ಯದ ದಿನ ರವಿವಾರ, ಸಾಲೆಗೆ ರಜೆ. ಹಿಂದಿನ ಸಂಜೆಯೇ ಸಸಿ ನಾಟಿಯಾಗಿತ್ತು. ನಾನು ಬಾವಿಗೆ ಹೋದಾಗ ಅರ್ಧ ಊರು ಅಲ್ಲಿ ಸೇರಿತ್ತು. ಮಟ್ಟಿ ಹೊಡೆಯುವವನು ಇಳಿಜಾರಿನಲ್ಲಿ ಇಳಿಯುವಾಗ ಭಾರಕ್ಕೆಂದು ಹಗ್ಗದ ಮೇಲೆ ಕೂರುತ್ತಾನೆ. ಹೆಂಗಸು ಹಾಗೆ ಕೂತದ್ದನ್ನು ಆ ಊರು ನೋಡಿರಲಿಲ್ಲ. ಅನಸವ್ವ ಕಚ್ಚೆ ಬಿಗಿದು ಕೂತಳು, ಬಾರುಕೋಲು ಎತ್ತಿದಳು. ಎತ್ತುಗಳು ಒಂದೇ ದಮ್ಮಿಗೆ ಕೆಳಗೆ ಇಳಿದವು. ಮಟ್ಟಿ ಮೇಲೆ ಬಂದು ನೀರು ಸುರಿಯಿತು. ನಾನು ಮೇಷ್ಟರಿಕೆ ಮರೆತು ಚಪ್ಪಾಳೆ ತಟ್ಟಿದೆ.

ಆಮೇಲೆ ಎತ್ತುಗಳು ಅಲ್ಲೇ ನಿಂತವು. ಖಾಲಿ ಮಟ್ಟಿ ಮತ್ತೆ ಬಾವಿಗೆ ಇಳಿಯಬೇಕಾದರೆ ಎತ್ತುಗಳು ತಿರುಗದೆ, ಹಿಮ್ಮುಖವಾಗಿ ಇಳಿಜಾರು ಹತ್ತಬೇಕು. ಬಾವಿಯ ಊರಿನಲ್ಲಿ ಕರುವಿದ್ದಾಗಲೇ ಅದನ್ನು ಕಲಿಸುತ್ತಾರೆ. ಎತ್ತು ಕೊಳ್ಳುವವನು ಹಲ್ಲಿಗಿಂತ ಮೊದಲು ಕೇಳುವ ಮಾತೇ, ಹಿಂದಕ್ಕ ಬರತಾವೇನು ಎಂಬುದು. ಸಾವಳಗಿಯ ಒಣ ಹೊಲದ ಎತ್ತುಗಳಿಗೆ ಗಾಡಿ ಗೊತ್ತು, ರಂಟೆ ಗೊತ್ತು. ಹುಟ್ಟಿದಂದಿನಿಂದ ಅವು ಮುಂದಕ್ಕೆ ಮಾತ್ರ ನಡೆದಿದ್ದವು. ನೇಕಾರರ ಮನೆಯವಳಿಗೆ ಅದನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಮೂಗುದಾಣ ಹಿಡಿದು ತಳ್ಳಿದಳು. ಹಿಂಡಿ ತೋರಿಸಿದಳು. ಬೈದಳು, ಮುದ್ದು ಮಾಡಿದಳು. ಒಂದು ಎತ್ತು ಅಡ್ಡ ತಿರುಗಿತು, ಇನ್ನೊಂದು ಮಲಗಿಬಿಟ್ಟಿತು. ಜನ ಹೊಟ್ಟೆ ಹಿಡಿದು ನಕ್ಕರು. ಬಿಸಿಲು ಏರುತ್ತಿತ್ತು, ಕಾಲುವೆಗೆ ಬಿದ್ದ ಒಂದು ಮಟ್ಟಿ ನೀರು ಅಲ್ಲೇ ಇಂಗಿಹೋಯಿತು. ಮುರಗೆಪ್ಪ ನೆರಳಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ನಗು ನೋಡಿ ನನಗೆ ಏನಾದರೂ ಎತ್ತಿ ಒಗೆಯಬೇಕೆನಿಸಿತು.

ಅನಸವ್ವ ನಗುವವರ ಕಡೆ ನೋಡಲಿಲ್ಲ. ಇಳಿಜಾರನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ನೋಡಿದಳು. ನೊಗದಿಂದ ಹಗ್ಗ ಬಿಚ್ಚಿ ತುದಿಯನ್ನು ಹೆಗಲಿಗೆ ಸುತ್ತಿಕೊಂಡಳು. ಎತ್ತುಗಳನ್ನು ಪೂರ್ತಿ ತಿರುಗಿಸಿ ಮುಂದಕ್ಕೇ ಹತ್ತಿಸಿಬಿಡುವುದು, ಹಗ್ಗವನ್ನು ತಾನು ಹಿಡಿದು ಹತ್ತುವುದು, ಇದು ಆಕೆಯ ಲೆಕ್ಕ. ಆದರೆ ಮಟ್ಟಿಯ ಭಾರ ಆಕೆಗೆ ಗೊತ್ತಿರಲಿಲ್ಲ. ಅದು ಒಮ್ಮೆಲೇ ಬಾವಿಗೆ ಬಿತ್ತು, ಹಗ್ಗ ಆಕೆಯನ್ನು ಹತ್ತು ಹೆಜ್ಜೆ ಎಳೆದೊಯ್ದಿತು. ಆಕೆ ಬಿಡಲಿಲ್ಲ. ಎದ್ದು ನಿಂತಾಗ ಎರಡೂ ಅಂಗೈ ಸುಲಿದಿದ್ದವು. ಹಗ್ಗಕ್ಕೆ ಒಬ್ಬರು, ಎತ್ತಿಗೆ ಒಬ್ಬರು ಬೇಕೆಂಬುದು ಎಲ್ಲರಿಗೂ ಕಂಡಿತು. ಅಲ್ಲಿದ್ದ ಗಂಡಸರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಮುರಗೆಪ್ಪನ ಜೊತೆ ನಿಷ್ಠುರ ಯಾರಿಗೆ ಬೇಕು?

ನಾನು ಮನೆಯ ಕಡೆ ಓಡಿದೆ. ಕಾಶಪ್ಪ ಖಾಲಿ ಮಗ್ಗದ ಮುಂದೆ ಕುಣಿಯಲ್ಲಿ ಕಾಲು ಬಿಟ್ಟು ಕೂತಿದ್ದ. ನಿನ್ನ ಹೆಂಡತಿಯ ಕೈಯಲ್ಲಿ ರಕ್ತ ಸುರಿಯುತ್ತಿದೆ, ನೀನು ಇಲ್ಲಿ ಯಾವ ಸೀರೆ ನೇಯುತ್ತಿದ್ದೀ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಹಿರಿಯನಿಗೆ ಹಾಗೆ ಅನ್ನಬಾರದಿತ್ತು, ಆದರೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಅವನು ಕುಣಿಯಿಂದ ಮೇಲೆದ್ದ. ಮಗ್ಗಕ್ಕೆ ಬಡಿದಿದ್ದ ಒಂದು ಮರದ ಗೂಟ ಕಿತ್ತುಕೊಂಡು ನನಗಿಂತ ಮುಂದೆ ನಡೆದ.

ಬಾವಿಗೆ ಬಂದವನೇ ಗೂಟವನ್ನು ನೊಗಕ್ಕೆ ಕಟ್ಟಿ, ಹಗ್ಗದ ತುದಿಗೆ ಒಂದು ಕುಣಿಕೆ ಮಾಡಿ ಅದಕ್ಕೆ ಸಿಕ್ಕಿಸಿದ. ಈಗ ಹಗ್ಗ ಬಿಚ್ಚಲು, ಹಾಕಲು ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಸಾಕಿತ್ತು. ಅನಸವ್ವ ಎತ್ತು ಹೊಡೆದಳು, ಮಟ್ಟಿ ನೀರು ಸುರಿಯಿತು. ಕಾಶಪ್ಪ ಕುಣಿಕೆ ತಪ್ಪಿಸಿ, ಹಗ್ಗ ಹೆಗಲಿಗೆ ಹಾಕಿ, ಹಿಂದಕ್ಕೆ ಬಾಗಿ ಭಾರ ತಡೆಯುತ್ತ ಇಳಿಜಾರು ಹತ್ತಿದ. ಅವನು ಹತ್ತಿದಂತೆ ಮಟ್ಟಿ ನಿಧಾನವಾಗಿ ಬಾವಿಗೆ ಇಳಿಯಿತು. ಪಕ್ಕದಲ್ಲಿ ಎತ್ತುಗಳು ತಿರುಗಿಕೊಂಡು ಮುಂದಕ್ಕೇ ನಡೆದು ಮೇಲೆ ಬಂದವು. ನಗು ನಿಂತಿತು. ಹಿಮ್ಮುಖವಾಗಿ ಹತ್ತುವ ಎತ್ತಿಗಿಂತ ಇವು ಚುರುಕಾಗಿ ಹತ್ತುವುದನ್ನು ಎಲ್ಲರೂ ನೋಡಿದರು.

ಮುರಗೆಪ್ಪ ಎಲೆ ಉಗುಳಿ ಎದ್ದ. ಎತ್ತು ಹಿಮ್ಮುಖವಾಗಿ ಹತ್ತುವುದೇ ಈ ಬಾವಿಯ ಪದ್ಧತಿ, ಇದು ನಡೆಯುವುದಿಲ್ಲ ಎಂದ. ಎಲ್ಲರೂ ಹೊಳೆಪ್ಪನ ಮುಖ ನೋಡಿದರು. ಮುದುಕ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ, ನೀರು ಮೇಲೆ ಬರಬೇಕು ಅನ್ನುವುದು ಪದ್ಧತಿ, ಎತ್ತಿನ ಮುಖ ಯಾವ ಕಡೆ ಅನ್ನುವುದನ್ನು ನಮ್ಮ ಹಿರಿಯರು ಹೇಳಿಲ್ಲ ಎಂದ. ಆಗ ನನಗೆ ಆ ಮುದುಕನ ಮೇಲೆ ಪ್ರೀತಿ ಉಕ್ಕಿತು.

ಗಂಡ ಹೆಂಡತಿ ಊಟಕ್ಕೂ ನಿಲ್ಲಲಿಲ್ಲ. ಮಡಿಗೆ ನೀರು ತಿರುವುವ ಕೆಲಸವನ್ನು ನೇಕಾರರ ಓಣಿಯ ಮಾಯವ್ವ ಯಾರೂ ಹೇಳದೆ ಕೈಗೆತ್ತಿಕೊಂಡಳು. ಹತ್ತು ಮಡಿ, ಇಪ್ಪತ್ತು, ಮೂವತ್ತು. ಅನಸವ್ವನ ಅಂಗೈಗೆ ಸುತ್ತಿದ ಅರಿವೆ ಕೆಂಪಾಗಿತ್ತು. ಆದರೆ ಬೆಳಗಿನ ಹೊತ್ತು ಎತ್ತಿನ ಜೊತೆ ಗುದ್ದಾಡಿ ಕಳೆದದ್ದು ಕಳೆದೇ ಹೋಗಿತ್ತು. ಸೂರ್ಯ ಮುಳುಗಿದಾಗ ಮೂವತ್ನಾಲ್ಕು ಮಡಿ ತೊಯ್ದಿದ್ದವು. ಎರಡು ಒಣಗಿದ್ದವು.

ಮುರಗೆಪ್ಪ ಮಡಿಗಳನ್ನು ಬೆರಳು ಮಾಡಿ ಎಣಿಸಿದ, ಮಾತು ಮಾತೇ ಎಂದ. ನಾನು ಜಗಳಕ್ಕೆ ಬಾಯಿ ತೆರೆದೆ. ಅನಸವ್ವ ಕೈ ಅಡ್ಡ ಹಿಡಿದು ನನ್ನನ್ನು ಸುಮ್ಮನಾಗಿಸಿದಳು.

"ಸೋತೇನಿ. ಪಾಳಿ ಹೋತು," ಎಂದಳು. "ನಾ ಮಾತಿಗೆ ತಪ್ಪಾಕಿ ಅಲ್ಲ. ಆದ್ರ ಪಾಳಿ ಇಲ್ಲದ ಮನಿ ಹಗ್ಗ ಯಾಕ ಕೊಡಬೇಕು?"

ಹೀಗೆಂದು ಗಾಲಿಯಿಂದ ಹಗ್ಗ ಇಳಿಸಿ, ಮಟ್ಟಿಯ ಗಂಟು ಬಿಚ್ಚಿ, ಸುರುಳಿ ಸುತ್ತಿ ಕಾಶಪ್ಪನ ಹೆಗಲಿಗೇರಿಸಿದಳು. ಮುರಗೆಪ್ಪ ನಕ್ಕ. ಜಮಖಂಡಿ ಪೇಟೆಯಲ್ಲಿ ಹಗ್ಗಕ್ಕೇನು ಬರವೇ ಎಂದ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಗೆದ್ದವರು ನಗುತ್ತಾರೆ, ಸೋತವರು ಹಗ್ಗ ಹೊತ್ತುಕೊಂಡು ಮನೆಗೆ ಹೋಗುತ್ತಾರೆ, ಇಷ್ಟೇ ತಾನೇ ಎಂದು ನನ್ನ ಕೋಣೆಯಲ್ಲಿ ಕೂತು ಅತ್ತೆ.

ಮರುದಿನ ಹೊಳೆಪ್ಪನ ಪಾಳಿ. ಹಗ್ಗವಿಲ್ಲದ್ದಕ್ಕೆ ಮುದುಕ ಎತ್ತು ಮೇಯಲು ಬಿಟ್ಟು ಸುಮ್ಮನೆ ಕೂತ. ಮುರಗೆಪ್ಪ ಗಾಡಿ ಕಟ್ಟಿಸಿ ಜಮಖಂಡಿಗೆ ಹೋಗಿ ಸಂಜೆಗೆ ಹೊಸ ಹಗ್ಗ ತಂದ. ನೋಡಲು ದಪ್ಪ, ಬೆಳ್ಳಗೆ. ಗಾಡಿಯ ಮೇಲೆ ಹೇರು ಬಿಗಿಯುವ ಹಗ್ಗ ಅದು, ದಿನವಿಡೀ ನೀರು ಕುಡಿದು ಬಿಸಿಲಿಗೆ ಒಣಗಿ ಗಾಲಿಗೆ ಉಜ್ಜುವ ಕೆಲಸ ಅದಕ್ಕೆಲ್ಲಿ ಗೊತ್ತು? ಎರಡನೆಯ ದಿನ ಕಾಮಣ್ಣನ ಪಾಳಿಯಲ್ಲಿ ಮಧ್ಯಾಹ್ನದೊಳಗೆ ಕಿತ್ತು ಹೋಯಿತು. ಕಾಮಣ್ಣನ ಮಟ್ಟಿ ಬಾವಿಯ ತಳ ಸೇರಿತು. ಪಾತಾಳಗರಡಿ ಹಾಕಿ ಅದನ್ನು ಮೇಲೆತ್ತುವುದರಲ್ಲಿ ಅವನ ಪಾಳಿ ಮುಗಿಯಿತು. ಕಾಮಣ್ಣ ಮುರಗೆಪ್ಪನ ಮನೆಯ ಮುಂದೆ ನಿಂತು ಕೂಗಾಡಿದ್ದು ನನ್ನ ಸಾಲೆಯವರೆಗೂ ಕೇಳಿಸಿತು.

ಮೂರನೆಯ ದಿನ ಸ್ವತಃ ಮುರಗೆಪ್ಪನ ಪಾಳಿ. ಕಿತ್ತ ಹಗ್ಗಕ್ಕೆ ಗಂಟು ಹಾಕಿದ. ಗಂಟು ಗಾಲಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಿದ, ಮತ್ತೆ ಸಿಕ್ಕಿಕೊಂಡಿತು. ಅವನ ಎತ್ತುಗಳು ಪಾಪ ಹಿಂದಕ್ಕೂ ಬರುತ್ತಿದ್ದವು, ಮುಂದಕ್ಕೂ ಹೋಗುತ್ತಿದ್ದವು, ನೀರು ಮಾತ್ರ ಬರಲಿಲ್ಲ. ಈ ಮೂರು ದಿನವೂ ಅನಸವ್ವ ಬಾವಿಯ ಮೆಟ್ಟಿಲಿಳಿದು ಕೊಡ ತುಂಬಿ, ಉಳಿದಿದ್ದ ಎರಡು ಮಡಿಗೆ ಎರೆದು ಬರುತ್ತಿದ್ದಳು. ಕೊಡದ ನೀರಿಗೆ ಯಾರ ಪಾಳಿಯೂ ಇರಲಿಲ್ಲ. ಮುರಗೆಪ್ಪನ ಮುಂದೆಯೇ ಹಾದುಹೋಗುತ್ತಿದ್ದಳು, ಬೇಕೆಂದೇ.

ಅಂದು ಮಧ್ಯಾಹ್ನ ಹೊಳೆಪ್ಪ ಅನಸವ್ವನ ಮನೆಗೆ ಬಂದ. ಮುರಗೆಪ್ಪ ಪಾಳಿ ಬಿಟ್ಟುಕೊಡಲು ಒಪ್ಪಿದ್ದಾನೆ, ಹಗ್ಗ ಕೊಡು ಎಂದ. ಅನಸವ್ವ ಮುದುಕನಿಗೆ ಚಹಾ ಕೊಟ್ಟಳು, ಹಗ್ಗ ಕೊಡಲಿಲ್ಲ. ನಾಳೆ ಬೆಳಿಗ್ಗೆ ಬಾವಿಗೆ ಬರುತ್ತೇನೆ, ಪದ್ಧತಿಯ ಪ್ರಕಾರ ಪಾಳಿ ಕೂಗಲಿ, ಅಲ್ಲೇ ಏರಿಸುತ್ತೇನೆ ಎಂದಳು.

ನಾಲ್ಕನೆಯ ದಿನ ಸಾಲೆಯ ಗಂಟೆ ಅರ್ಧ ತಾಸು ತಡವಾಗಿ ಹೊಡೆಯಿತು. ಬಾರಿಸಬೇಕಾದ ಅಕ್ಕೋರ ಬಾವಿಯ ಕಟ್ಟೆಯ ಮೇಲಿದ್ದಳು. ಅನಸವ್ವ ಎತ್ತು ಹೊಡೆದುಕೊಂಡು ಬಂದಳು, ಹಿಂದೆ ಹಗ್ಗ ಹೊತ್ತು ಕಾಶಪ್ಪ. ಬಿಸಿಲು ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು, ಮೂರನೆಯದಕ್ಕೆ ಬಿತ್ತು. ಮುರಗೆಪ್ಪ ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಕಾಶಪ್ಪನ ಪಾಳಿ ಬಂತು," ಎಂದ.

ಅನಸವ್ವ ಅಲ್ಲಾಡಲಿಲ್ಲ. ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಇನ್ನೇನು ಎಂದು ಹೊಳೆಪ್ಪ ಕೇಳಿದ.

"ಹಗ್ಗ ಹೊಸೆದಾಕಿ ನಾನು. ಎತ್ತು ಹೊಡೆದಾಕಿ ನಾನು," ಎಂದಳು. "ಯಾರ ಪಾಳಿ ಅಂತ ನನ್ನ ಗಂಡನ್ನ ಕೇಳ್ರಿ."

ಎಲ್ಲರೂ ಕಾಶಪ್ಪನ ಕಡೆ ತಿರುಗಿದರು. ಬಾವಿಯ ಮೇಲೆ ಹೆಂಗಸಿನ ಹೆಸರು ಹಿಡಿದು ಯಾವತ್ತೂ ಕೂಗಿರಲಿಲ್ಲ. ಮನೆಯಲ್ಲಿ ಗಂಡಸಿರುವಾಗಲಂತೂ ಯಾರ ಕನಸಿನಲ್ಲೂ ಇರಲಿಲ್ಲ. ಕಾಶಪ್ಪ ಹೆಗಲ ಮೇಲಿನ ಹಗ್ಗ ಇಳಿಸಿ ಹೆಂಡತಿಯ ಕಾಲ ಹತ್ತಿರ ಇಟ್ಟ.

"ಆಕಿ ಹೆಸರು ಕೂಗ್ರಿ," ಎಂದ.

ಮುರಗೆಪ್ಪ ಕಬ್ಬಿನ ಕಡೆ ನೋಡಿದ, ಹೊಳೆಪ್ಪನ ಕಡೆ ನೋಡಿದ. ಅವನ ಪರವಾಗಿ ಮಾತಾಡುವವರು ಅಂದು ಒಬ್ಬರೂ ಇರಲಿಲ್ಲ. ಕೂಗಿದ. ಈ ಸಲ ಸಣ್ಣ ದನಿಯಲ್ಲಿ ಕೂಗಿದ್ದಕ್ಕೆ ಆಕೆ ಕಿವಿಗೆ ಕೈಹಚ್ಚಿ, ಕೇಳಲಿಲ್ಲವೆಂದು ತಲೆಯಾಡಿಸಿದಳು. ನಾನು ಹೇಳಲಿಲ್ಲವೇ, ಗೋವಲ್ಲ ಎಂದು.

"ಅನಸವ್ವನ ಪಾಳಿ ಬಂತು!"

ಆ ಕೂಗು ಆಚೆಯ ಹೊಲದವರೆಗೆ ಹೋಯಿತು. ಅಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಅನಸವ್ವ ಹಗ್ಗವೆತ್ತಿ ಗಾಲಿಗೆ ಏರಿಸಿದಳು, ಮಟ್ಟಿಗೆ ಗಂಟು ಹಾಕಿದಳು, ಸುಲಿದ ಕೈಯಲ್ಲೇ ಬಾರುಕೋಲು ಹಿಡಿದಳು.

ಆ ಎತ್ತುಗಳು ಸುಗ್ಗಿಯಾದ ಮೇಲೂ ಸಾವಳಗಿಗೆ ಮರಳಲಿಲ್ಲ, ಅಣ್ಣನನ್ನು ಒಪ್ಪಿಸಿ ಆಕೆ ಉಳಿಸಿಕೊಂಡಳು. ಹಿಂದಕ್ಕೆ ನಡೆಯುವುದನ್ನು ಕಲಿಸಿಬಿಡು, ಕಾಶಪ್ಪನಿಗೆ ಹಗ್ಗ ಹೊರುವ ಕೆಲಸ ತಪ್ಪುತ್ತದೆ ಎಂದು ಕಾಮಣ್ಣ ಎಷ್ಟೋ ಸಲ ಹೇಳಿದನಂತೆ. ಕೊನೆಯವರೆಗೂ ಆಕೆ ಕಲಿಸಲಿಲ್ಲ.